ಎರಡೂವರೆ ಗಂಟೆ ವೈನಿನಲ್ಲಿ ಬೇಯಿಸಿದರೂ ಬೀಫ್ ಹಗ್ಗದ ಹಾಗಿದೆ, ಎಲ್ಲಿ ಎಡವಿದೆ?

ದಿಜೋನಿನ_ದಾಸ:

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ದಿಜೋನ್ ಊರಿಗೆ ಬಂದು ಎಂಟು ತಿಂಗಳಾಯಿತು. ಇದು ಬೂರ್ಗೋನ್ ಸೀಮೆ. ಊರು ದಾಟಿ ದಕ್ಷಿಣಕ್ಕೆ ಹೋದರೆ ಬೋನ್ ಪಟ್ಟಣದ ತನಕ ದ್ರಾಕ್ಷಿ ತೋಟವೋ ದ್ರಾಕ್ಷಿ ತೋಟ. ಇಂಥ ಕಡೆ ಇದ್ದುಕೊಂಡು ಬಫ್ ಬೂರ್ಗಿನ್ಯೋಂ ಮಾಡೋಕೆ ಬರಲ್ಲ ಅಂದರೆ ಮದ್ದೂರಿನಲ್ಲಿದ್ದು ವಡೆ ತಿನ್ನದ ಹಾಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ದನದ ಮಾಂಸವನ್ನು ಕೆಂಪು ವೈನಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಗ್ರೇವಿ ಮಂದವಾಗಿ, ಹೊಳೆಯುತ್ತಾ, ಕಂದು ಬಣ್ಣಕ್ಕೆ ಬರಬೇಕು.

ನನ್ನದು ಬಂದಿದ್ದು ನೇರಳೆ ಬಣ್ಣಕ್ಕೆ. ನೇರಳೆ ಹಣ್ಣು ತಿಂದ ನಾಲಿಗೆ ಇರುತ್ತಲ್ಲ, ಆ ಬಣ್ಣ. ತೆಳ್ಳಗೆ, ಹುಳಿ ಹುಳಿ. ಸೂಪರ್ ಮಾರ್ಕೆಟ್ಟಿನಿಂದ 1.2 ಕೆಜಿ ಮಾಂಸ ತಂದಿದ್ದೆ. ಕೊಬ್ಬು ಒಂಚೂರೂ ಇಲ್ಲದ, ನೋಡೋಕೆ ತುಂಬಾ ಚೆನ್ನಾಗಿರುವ ತುಂಡು. ಒಂದು ಬಾಟಲಿ ವೈನು, ಈರುಳ್ಳಿ, ಕ್ಯಾರೆಟ್ಟು ಎಲ್ಲ ಹಾಕಿ ಎರಡೂವರೆ ಗಂಟೆ ಕುದಿಸಿದೆ. ತುಂಡುಗಳು ಅರ್ಧಕ್ಕರ್ಧ ಕುಗ್ಗಿ, ಕಚ್ಚಿದರೆ ಎಳೆ ಎಳೆಯಾಗಿ ಹಲ್ಲಿನ ಸಂದಿಗೆ ಸಿಕ್ಕಿಕೊಂಡವು. ನನ್ನ ಹೆಂಡತಿ ಎರಡು ತುತ್ತು ತಿಂದು "ಇದಕ್ಕಿಂತ ಮೊಸರನ್ನ ವಾಸಿ" ಅಂತ ಎದ್ದು ಹೋದಳು.

ಈಗಿನ ಸಮಸ್ಯೆ ಏನೆಂದರೆ, ಮುಂದಿನ ಭಾನುವಾರ ಪಕ್ಕದ ಮನೆ ಅಜ್ಜಿಯನ್ನು ಊಟಕ್ಕೆ ಕರೆದುಬಿಟ್ಟಿದ್ದೇನೆ. ಅವರು ಹುಟ್ಟಿ ಬೆಳೆದಿದ್ದೆಲ್ಲಾ ಇದೇ ಊರಲ್ಲಿ. ಕಾಪಾಡಿ.

ಕುಕ್ಕರ್_ಕೃಷ್ಣ:

ಕುಕ್ಕರಿಗೆ ಹಾಕಿ ಎಂಟು ಸಲ ಕೂಗಿಸಿ ಗುರು. ಅಷ್ಟೇ. ಯಾಕೆ ಇಷ್ಟು ತಲೆಬಿಸಿ?

ಸೌಟುರಾಣಿ:

ದಾಸ ಅವರೇ, ಮೊದಲು ಒಂದು ಪ್ರಶ್ನೆ. ಪ್ಯಾಕೆಟ್ ಮೇಲೆ ಯಾವ ಭಾಗ ಅಂತ ಬರೆದಿತ್ತು? ನಾನು ಲಿಯೋನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನೀವು ಹೇಳಿದ ಲಕ್ಷಣ ನೋಡಿದರೆ ತಪ್ಪು ಒಲೆಯ ಮೇಲೆ ಆಗಿದ್ದಲ್ಲ, ಅಂಗಡಿಯಲ್ಲೇ ಆಗಿದೆ.

ದಿಜೋನಿನ_ದಾಸ:

ಕವರು ಇನ್ನೂ ಕಸದ ಬುಟ್ಟಿಯಲ್ಲೇ ಇತ್ತು ಅಕ್ಕ, ಎತ್ತಿ ನೋಡಿದೆ. "ರೋಂ ದ ಜೀತ್" ಅಂತಿದೆ. ಬೂರ್ಗಿನ್ಯೋಂಗೆ ಜೀತ್ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಅದಕ್ಕೇ ತಂದೆ.

ಸೌಟುರಾಣಿ:

ಸಿಕ್ಕಿಬಿದ್ದಿರಿ! ಹೊಸಬರೆಲ್ಲಾ ಬೀಳುವ ಗುಂಡಿ ಇದು. ನಾನೂ ಬಿದ್ದವಳೇ. ಜೀತ್ ಬೇರೆ, ರೋಂ ದ ಜೀತ್ ಬೇರೆ. ಬರೀ ಜೀತ್ ಅಂದರೆ ಕಾಲಿನ ಮಾಂಸ. ಮೊಣಕಾಲಿನ ಕೆಳಗಿನ ಮೀನಖಂಡ ಅಂದುಕೊಳ್ಳಿ. ಒಳಗೆ ಬಿಳಿ ನರದಂಥ ಪಟ್ಟಿಗಳು ತುಂಬಿರುತ್ತವೆ. ರೋಂ ದ ಜೀತ್ ಹಿಂದೊಡೆಯ ಭಾಗ. ದುಂಡಗೆ, ನುಣ್ಣಗೆ, ಕೊಬ್ಬಿಲ್ಲದ ಮಾಂಸ. ಅದನ್ನು ಓವನ್ನಿನಲ್ಲಿ ಸ್ವಲ್ಪ ಹೊತ್ತು ಸುಟ್ಟು ಒಳಗೆ ಕೆಂಪಗಿರುವಾಗಲೇ ತೆಳ್ಳಗೆ ಕೊಯ್ದು ತಿನ್ನಬೇಕು. ಎರಡೂವರೆ ಗಂಟೆಯಲ್ಲ, ಇಡೀ ರಾತ್ರಿ ಬೇಯಿಸಿದರೂ ಅದು ಒಣಗುತ್ತದೆಯೇ ಹೊರತು ಮೆತ್ತಗಾಗಲ್ಲ.

ನಮ್ಮ ಭಾಷೆಯಲ್ಲೇ ನೆನಪಿಟ್ಟುಕೊಳ್ಳಿ. ಜೀತ ಮಾಡಿದ ಮಾಂಸ ಬೇಕು. ಜೀವನವಿಡೀ ದುಡಿದ ಭಾಗ: ಕಾಲು, ಭುಜ, ಕೆನ್ನೆ. ಕೂತು ತಿಂದ ಭಾಗ ಬೇಡ.

ಮಲ್ನಾಡ್_ಮೆಣಸು:

ಹಹ್ಹಾ ಜೀತದ ಮಾಂಸ. ಇದನ್ನ ಬರೆದಿಟ್ಟುಕೊಂಡೆ.

ಲ್ಯಾಬ್_ಕೋಟು:

ಅಕ್ಕ ಹೇಳಿದ್ದಕ್ಕೆ ಕಾರಣ ನಾನು ಹೇಳುತ್ತೇನೆ. ಮೈಸೂರಲ್ಲಿ ಆಹಾರ ರಸಾಯನಶಾಸ್ತ್ರ ಓದುತ್ತಿದ್ದೇನೆ, ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಮಾಂಸದಲ್ಲಿ ಎರಡು ವಸ್ತು ಇವೆ. ಒಂದು ಎಳೆ. ಬಿಸಿ ಏರಿದ ಹಾಗೆ ಅದು ಕುಗ್ಗುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನು ಹೊರಗೆ ತಳ್ಳುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಕೆಲಸ ಜೋರು. ಇನ್ನೊಂದು, ಎಳೆಗಳನ್ನು ಕಟ್ಟಿ ಹಿಡಿದಿರುವ ಕಾಲಜನ್. ಬಿಳಿ ಪಟ್ಟಿ ಅಂದರಲ್ಲ, ಅದೇ. ಇದು ಬಿಸಿಯಲ್ಲಿ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ನಿಧಾನಕ್ಕೆ ಅಂದರೆ ನಿಜವಾಗಲೂ ನಿಧಾನಕ್ಕೆ, 80 ಡಿಗ್ರಿ ಮೇಲಿದ್ದರೂ ಎರಡು ಮೂರು ಗಂಟೆ ಬೇಕು. ಅಂದರೆ ಮೊದಲು ಮಾಂಸ ಒಣಗುತ್ತದೆ, ಆಮೇಲೆ ಕಾಲಜನ್ ಕರಗಿ ಆ ಒಣಗಿದ ಎಳೆಗಳಿಗೆ ಎಣ್ಣೆ ಹಚ್ಚಿದ ಹಾಗೆ ಜಾರಿಸುತ್ತದೆ. ದಾಸ ಅವರ ತುಂಡಿನಲ್ಲಿ ಕಾಲಜನ್ನೇ ಕಮ್ಮಿ. ಒಣಗಿತು, ಕರಗೋಕೆ ಏನೂ ಇರಲಿಲ್ಲ.

ಕಾಲು ಸೂಪು ಕುಡಿದ ಮೇಲೆ ತುಟಿ ತುಟಿ ಅಂಟುತ್ತದೆ ನೋಡಿ. ಅದೇ ಜೆಲಟಿನ್. ಬೂರ್ಗಿನ್ಯೋಂ ತಿಂದಾಗಲೂ ತುಟಿ ಅಂಟಬೇಕು.

ದಿಜೋನಿನ_ದಾಸ:

ಕಾಲು ಸೂಪು ಅಂದ ತಕ್ಷಣ ಎಲ್ಲ ಅರ್ಥ ಆಯಿತು. ಇದನ್ನು ಯಾಕೆ ಯಾರೂ ಮೊದಲೇ ಹೇಳಲ್ಲ?

ಕುಡ್ಲ_ಕಿಚನ್:

ನಮ್ಮಲ್ಲಿ ಬಫಾತ್ ಮಾಡುವಾಗಲೂ ಇದೇ ಮಾರಾಯ್ರೆ. ಕೊಬ್ಬು ನರ ಎಲ್ಲ ಇರುವ ತುಂಡೇ ಬೇಕು. ಬರೀ ಮಾಂಸದ ತುಂಡು ಕೊಟ್ಟರೆ ನನ್ನ ಅಜ್ಜಿ ಅಂಗಡಿಗೇ ವಾಪಸ್ ಕಳಿಸುತ್ತಿದ್ದರು.

ಒಂದು ಡೌಟು. ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನು ಎರಡು ಬಾಟಲಿ ಉಳಿದಿದೆ. ಅದನ್ನು ಹಾಕಬಹುದಾ?

ಸೌಟುರಾಣಿ:

ದಯವಿಟ್ಟು ಬೇಡ. ಅದು ಕುಡಿಯೋಕೆ ಚೆಂದ, ಆದರೆ ಸಕ್ಕರೆ ಜಾಸ್ತಿ. ಮೂರು ಗಂಟೆ ಬತ್ತಿದರೆ ಜಾಮ್ ಆಗುತ್ತದೆ. ಊರಲ್ಲಿ ಪೋರ್ಟ್ ಅಂತ ಮಾರುವ ಸಿಹಿ ವೈನಿಗೂ ಇದೇ ಮಾತು. ಸಿಹಿ ಇಲ್ಲದ ಕೆಂಪು ವೈನೇ ಆಗಬೇಕು. ನಂದಿ ಬೆಟ್ಟದ ಕಡೆ ಮಾಡುವ ಸಾಧಾರಣ ಬೆಲೆಯ ಶಿರಾಜ್ ಸಾಕು.

ಇಲ್ಲಿ ಬೂರ್ಗೋನ್‌ನಲ್ಲಿ ಪೀನೋ ನುವಾರ್ ದ್ರಾಕ್ಷಿಯ ವೈನು ಹಾಕುವುದು ಪದ್ಧತಿ. ಅದು ತೆಳ್ಳಗಿನ ವೈನು, ಒಗರು ಕಮ್ಮಿ. ಆದರೆ ದಾಸ ಅವರೇ, ನಿಮ್ಮೂರಿನ ಪಕ್ಕದ ಜವ್ರೆ ಶಾಂಬೆರ್ತಾಂ ಬಾಟಲಿ ತಂದು ಪಾತ್ರೆಗೆ ಸುರಿದರೆ ನಿಮ್ಮ ಜೊತೆ ಮಾತು ಬಿಡುತ್ತೇನೆ. ಅದು ಕುಡಿಯುವ ವೈನು. ಅಡುಗೆಗೆ 5-6 ಯೂರೋದ್ದು ಸಾಕು, ಕೋತ್ ದ್ಯು ರೋನ್ ಆದರೂ ನಡೆಯುತ್ತದೆ. ಮರದ ಪೀಪಾಯಿಯಲ್ಲಿ ಇಟ್ಟು ಒಗರೇರಿಸಿದ ದುಬಾರಿ ವೈನು ಬತ್ತಿದಾಗ ಬಾಯೆಲ್ಲಾ ಅಡಿಕೆ ಚೊಗರು ಆಗುತ್ತದೆ.

ಮಲ್ನಾಡ್_ಮೆಣಸು:

ಚೊಗರು ಅಂದ್ರೆ ನಮಗೆ ಹೇಳಿಕೊಡಬೇಕಾ ಅಕ್ಕ. ತೋಟದವರು ನಾವು.

ಬೆಂಗ್ಳೂರ್_ಬಾಣಲೆ:

ಬೆಂಗಳೂರಲ್ಲಿ ಮಾಡುವವರ ಬಗ್ಗೆಯೂ ಸ್ವಲ್ಪ ಮಾತಾಡಿ. ಇಲ್ಲಿ 2020ರ ಕಾಯ್ದೆ ಬಂದ ಮೇಲೆ ಹಸು, ಎತ್ತು ಎಲ್ಲ ಬಂದ್. 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಕಡಿಯಬಹುದು. ಹೋಟೆಲ್ ಮೆನುವಿನಲ್ಲಿ ಬಫ್ ಅಂದರೆ ಎಮ್ಮೆ ಅಂತಲೇ ಅರ್ಥ, ಹಾಗಾಗಿ ನಮ್ಮದು ಹೆಸರಲ್ಲೂ ಬಫ್, ಪಾತ್ರೆಯಲ್ಲೂ ಬಫ್. 13 ವರ್ಷದ ಎಮ್ಮೆ ಅಂದರೆ ತಮಾಷೆ ಅಲ್ಲ. ಎಳೆ ದಪ್ಪ, ಕಾಲಜನ್ನೂ ಮುದುಕ. ಶಿವಾಜಿನಗರದಿಂದ ಕಾಲಿನ ಮಾಂಸ ತಂದು ನಾಲ್ಕೂವರೆ ಗಂಟೆ ಇಟ್ಟಿದ್ದೆ. ಬೆಂತು, ಇಲ್ಲ ಅಂತಲ್ಲ. ಅಷ್ಟು ಹೊತ್ತಿಗೆ ಸಿಲಿಂಡರೂ ಖಾಲಿ, ನನ್ನ ತಾಳ್ಮೆಯೂ ಖಾಲಿ.

ಕುಕ್ಕರ್_ಕೃಷ್ಣ:

ಅದಕ್ಕೇ ನಾನು ಮೊದಲೇ ಕುಕ್ಕರ್ ಅಂದೆ!! ಯಾರು ಕೇಳ್ತಾರೆ ನನ್ನ ಮಾತು.

ಸೌಟುರಾಣಿ:

ಕೃಷ್ಣ ಅವರೇ, ಕುಕ್ಕರನ್ನು ನಾನೂ ಬೈಯ್ಯಲ್ಲ. ಫ್ರೆಂಚರ ಮನೆಯಲ್ಲೂ ಇದೆ. ಸೆಬ್ ಕಂಪನಿ 1953ರಲ್ಲಿ ತಂದ ಕೊಕೋತ್ ಮಿನ್ಯುತ್ ಇಲ್ಲಿನ ಅಜ್ಜಿಯಂದಿರ ಅಡುಗೆಮನೆಯಲ್ಲಿ ಈಗಲೂ ಸಿಗುತ್ತದೆ. ನಮ್ಮದರ ಹಾಗೆ ಬಿಟ್ಟು ಬಿಟ್ಟು ಕೂಗಲ್ಲ, ಮೇಲಿನ ಗುಂಡು ಗಿರಗಿರ ತಿರುಗುತ್ತಾ ಒಂದೇ ಸಮ ಉಸ್ಸೆನ್ನುತ್ತದೆ.

ಎಮ್ಮೆ ಮಾಂಸಕ್ಕೆ ಕುಕ್ಕರೇ ಸರಿ. ಆದರೆ ಎರಡು ಮಾತು. ಕುಕ್ಕರಿನಲ್ಲಿ ನೀರು ಬತ್ತಲ್ಲ. ಹಸಿ ವೈನನ್ನು ಹಾಗೇ ಹಾಕಿ ಮುಚ್ಚಿದರೆ ಹಸಿ ವೈನೇ ವಾಪಸ್ ಬರುತ್ತದೆ. ಮೊದಲು ಬೇರೆ ಪಾತ್ರೆಯಲ್ಲಿ ವೈನು ಅರ್ಧ ಆಗುವ ತನಕ ಕುದಿಸಿ, ಆಮೇಲೆ ಕುಕ್ಕರಿಗೆ ಹಾಕಿ. ಎರಡನೆಯದು, ಎಷ್ಟು ಕೂಗು ಅಂತ ಎಣಿಸಬೇಡಿ. ಒಂದು ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 50 ನಿಮಿಷ ಇಡಿ. ಒತ್ತಡ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು ಮಾಂಸ ಎತ್ತಿಟ್ಟು ಗ್ರೇವಿಯನ್ನು ಮತ್ತೆ ಬತ್ತಿಸಿ.

ಇಬ್ಬರ_ಅಮ್ಮ:

ನನ್ನದೊಂದು ಪ್ರಶ್ನೆ, ನಗಬೇಡಿ. ಒಂದು ಬಾಟಲಿ ವೈನು ಹಾಕಿದ ಅಡುಗೆಯನ್ನು ಆರು ವರ್ಷದ ಮಗುವಿಗೆ ಕೊಡಬಹುದಾ? ಬೇಯಿಸಿದರೆ ಆಲ್ಕೋಹಾಲ್ ಪೂರ್ತಿ ಹಾರಿ ಹೋಗುತ್ತದೆ ಅಂತ ಎಲ್ಲರೂ ಅನ್ನುತ್ತಾರೆ.

ಲ್ಯಾಬ್_ಕೋಟು:

ನಗೋ ಪ್ರಶ್ನೆ ಅಲ್ಲ, ಒಳ್ಳೆಯ ಪ್ರಶ್ನೆ. ಪೂರ್ತಿ ಹಾರಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ, ಅಡುಗೆಯಲ್ಲಿ ಬೆರೆಸಿ ಸಣ್ಣಗೆ ಕುದಿಸಿದರೆ 15 ನಿಮಿಷಕ್ಕೆ ಶೇ 40 ಉಳಿದಿರುತ್ತದೆ, ಒಂದು ಗಂಟೆಗೆ ಶೇ 25, ಎರಡು ಗಂಟೆಗೆ ಶೇ 10, ಎರಡೂವರೆ ಗಂಟೆಗೆ ಶೇ 5. ಲೆಕ್ಕ ಹಾಕಿ: 750 ಮಿ.ಲೀ. ಬಾಟಲಿ, ಶೇ 13 ಆಲ್ಕೋಹಾಲ್, ಅಂದರೆ ಸುಮಾರು 97 ಮಿ.ಲೀ. ಅದರ ಶೇ 5 ಅಂದರೆ ಇಡೀ ಪಾತ್ರೆಗೆ 5 ಮಿ.ಲೀ. ಹತ್ತಿರ. ಆರು ಜನಕ್ಕೆ ಹಂಚಿದರೆ ಒಬ್ಬರಿಗೆ ಒಂದು ಮಿ.ಲೀ. ಕೂಡ ಇಲ್ಲ. ಆದರೆ ಮುಚ್ಚಳ ಬಿಗಿಯಾಗಿ ಮುಚ್ಚಿದರೆ ಇನ್ನೂ ಜಾಸ್ತಿ ಉಳಿಯುತ್ತದೆ. ಕೊಡೋದು ಬಿಡೋದು ನಿಮ್ಮ ತೀರ್ಮಾನ. ಧರ್ಮದ ಕಾರಣಕ್ಕೋ ಚಟ ಬಿಟ್ಟ ಕಾರಣಕ್ಕೋ ಆಲ್ಕೋಹಾಲ್ ಮುಟ್ಟದವರಿಗಂತೂ "ಎಲ್ಲ ಹಾರಿ ಹೋಗಿದೆ" ಅಂತ ಸುಳ್ಳು ಹೇಳಿ ಬಡಿಸಬೇಡಿ.

ಇಬ್ಬರ_ಅಮ್ಮ:

ಥ್ಯಾಂಕ್ಸ್ ತಮ್ಮಾ. ಅವಳಿಗೆ ಬೇರೆ ಮಾಡುತ್ತೇನೆ.

ಹೆಸರಿಲ್ಲದವ_77:

ಕನ್ನಡ ವೇದಿಕೆಯಲ್ಲಿ ಗೋಮಾಂಸದ ಅಡುಗೆ ಪಾಠ. ಇದೊಂದು ಬಾಕಿ ಇತ್ತು.

ನಿರ್ವಾಹಕ:

ಶೀರ್ಷಿಕೆಯಲ್ಲೇ ಬೀಫ್ ಅಂತ ಇದೆ. ಬೇಡದವರು ಒಳಗೆ ಬರಬೇಕಾಗಿಲ್ಲ. ಬಂದವರು ಅಡುಗೆ ಬಗ್ಗೆ ಮಾತಾಡಿ. ಮುಂದಿನ ಇಂಥ ಕಾಮೆಂಟು ತೆಗೆಯುತ್ತೇನೆ.

ಸಸ್ಯಾಹಾರಿ_ಸುಮ:

ನಾನು ಮಾಂಸ ತಿನ್ನಲ್ಲ, ಆದರೂ ಈ ಚರ್ಚೆ ಪೂರ್ತಿ ಓದಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ :) ಅಣಬೆ ಹಾಕಿ ಮಾಡೋಕೆ ಬರುತ್ತಾ?

ಸೌಟುರಾಣಿ:

ಬರುತ್ತೆ ಸುಮಾ. ದೊಡ್ಡ ಅಣಬೆಯನ್ನು ಚೆನ್ನಾಗಿ ಕಂದು ಬರುವಂತೆ ಹುರಿದು, ವೈನನ್ನು ಮೊದಲೇ ಬತ್ತಿಸಿಟ್ಟುಕೊಂಡು, ಕೊನೆಗೆ ಎರಡನ್ನೂ ಸೇರಿಸಿ. ಮೂರು ಗಂಟೆ ಬೇಡ, 40 ನಿಮಿಷ ಸಾಕು. ಕರಗೋಕೆ ಕಾಲಜನ್ ಇಲ್ಲವಲ್ಲ, ಮಂದ ಆಗೋಕೆ ಮೈದಾ ಸ್ವಲ್ಪ ಜಾಸ್ತಿ ಹಾಕಿ.

ಈಗ ದಾಸ ಅವರಿಗೆ ಪೂರ್ತಿ ವಿಧಾನ ಬರೆಯುತ್ತೇನೆ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಶನಿವಾರವೇ ಮಾಡಿ, ಭಾನುವಾರ ಬಡಿಸಿ. ಮಾರನೇ ದಿನದ ಮೀನು ಸಾರು ಯಾಕೆ ರುಚಿ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಇದೂ ಹಾಗೇ. ಮಾಂಸದಂಗಡಿಗೇ ಹೋಗಿ, ಪ್ಯಾಕೆಟ್ ತರಬೇಡಿ. ಅರ್ಧ ಜೀತ್, ಅರ್ಧ ಪಾಲ್ರೋಂ ಕೇಳಿ. ಪಾಲ್ರೋಂ ಅಂದರೆ ಭುಜದ ಮಾಂಸ, ನಡುವೆ ಒಂದು ದಪ್ಪ ಬಿಳಿ ಗೆರೆ ಉದ್ದಕ್ಕೂ ಓಡಿರುತ್ತದೆ. ಆ ಗೆರೆ ನೋಡಿ ಗಾಬರಿಯಾಗಿ ಕತ್ತರಿಸಿ ಬಿಸಾಡಬೇಡಿ, ಅದೇ ಮೂರು ಗಂಟೆ ಆದ ಮೇಲೆ ಬೆಣ್ಣೆಯಾಗೋದು. ತುಂಡು ದೊಡ್ಡದಿರಲಿ, ಮುಷ್ಟಿಯ ಅರ್ಧದಷ್ಟು. ಹೇಗೂ ಕುಗ್ಗುತ್ತದೆ.

ತುಂಡುಗಳನ್ನು ಬಟ್ಟೆಯಲ್ಲೋ ಪೇಪರಿನಲ್ಲೋ ಒತ್ತಿ ಒತ್ತಿ ಒರೆಸಿ. ನಿಮ್ಮ ಗ್ರೇವಿ ನೇರಳೆ ಆಗಿದ್ದಕ್ಕೆ ಅರ್ಧ ಕಾರಣ ಇಲ್ಲೇ ಇದೆ. ಕಂದು ಬಣ್ಣ ಬರೋದು ಮಾಂಸ ಹುರಿದಾಗ, ವೈನಿನಿಂದಲ್ಲ. ಒದ್ದೆ ಮಾಂಸ ಹಾಕಿದರೆ ಅದು ಹುರಿಯಲ್ಲ, ತನ್ನ ನೀರಲ್ಲಿ ತಾನೇ ಬೇಯುತ್ತಾ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲು ಹೊಗೆಯಾಡಿಸಿದ ಹಂದಿ ಮಾಂಸದ ಸಣ್ಣ ತುಂಡು, ಲಾರ್ದೋಂ, 150 ಗ್ರಾಂ ಹಾಕಿ ಕೊಬ್ಬು ಬಿಡಿಸಿ ಎತ್ತಿಡಿ. ಅದೇ ಕೊಬ್ಬಿನಲ್ಲಿ ದನದ ತುಂಡುಗಳನ್ನು ನಾಲ್ಕೈದರಂತೆ ಹಾಕಿ. ಚುರ್ ಅನ್ನಬೇಕು. ಚುರ್ ಅನ್ನೋದು ನಿಂತು ಚೊಳಚೊಳ ಅಂದರೆ ಜಾಸ್ತಿ ಹಾಕಿದ್ದೀರಿ ಅಂತ. ಎಲ್ಲ ಮುಗಿಯೋಕೆ ಅರ್ಧ ಗಂಟೆ ಹಿಡಿಯುತ್ತದೆ, ಆತುರ ಬೇಡ. ತಳದಲ್ಲಿ ಕಂದು ಪದರ ಹಿಡಿಯುತ್ತದಲ್ಲ, ಅದು ಚಿನ್ನ. ಕಪ್ಪಾದರೆ ಮಾತ್ರ ಸೀದ ಹಾಗೆ, ಪಾತ್ರೆ ತೊಳೆದು ಮುಂದುವರಿಯಿರಿ, ಇಲ್ಲದಿದ್ದರೆ ಇಡೀ ಅಡುಗೆ ಕಹಿ.

ಆಮೇಲೆ ಒಂದು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್ಟು ಹುರಿದು, ಎರಡು ದೊಡ್ಡ ಚಮಚ ಮೈದಾ ಉದುರಿಸಿ ಹಸಿ ವಾಸನೆ ಹೋಗುವ ತನಕ ಕೈಯಾಡಿಸಿ. ವೈನು ಪೂರ್ತಿ ಸುರಿದು ಮರದ ಸೌಟಿನಿಂದ ತಳ ಕೆರೆಯಿರಿ. ಇಲ್ಲಿ ಮುಚ್ಚಳ ಹಾಕದೆ ಜೋರು ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ, ಮೂಗಿಗೆ ಚುಚ್ಚುವ ಘಾಟು ಹೋಗಬೇಕು. ನಿಮ್ಮ ಹುಳಿಗೆ ಇದೇ ಮದ್ದು. ಮಾಂಸ ವಾಪಸ್ ಹಾಕಿ, ಮುಳುಗುವಷ್ಟು ಮಾತ್ರ ಮಾಂಸದ ಸಾರು ಇಲ್ಲಾ ನೀರು, ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಟೊಮೇಟೊ ಪೇಸ್ಟು, ಥೈಮ್, ಪಾರ್ಸ್ಲಿ ಕಡ್ಡಿ, ಲೋರಿಯೆ ಎಲೆ (ಇಲ್ಲಿನ ಬೇ ಲೀಫ್) ಎಲ್ಲ ದಾರದಲ್ಲಿ ಕಟ್ಟಿ ಹಾಕಿ. ಊರಿಂದ ತಂದ ಪಲಾವ್ ಎಲೆ ಬೇಡ, ಅದು ಬೇರೆ ಮರ, ಚಕ್ಕೆ ವಾಸನೆ ಬರುತ್ತದೆ. ಉಪ್ಪು ಈಗ ಸ್ವಲ್ಪವೇ. ಬತ್ತಿದ ಮೇಲೆ ಉಪ್ಪು ಏರುತ್ತದೆ.

ಮುಚ್ಚಿ 150 ಡಿಗ್ರಿ ಓವನ್ನಿನಲ್ಲಿ ಮೂರು ಗಂಟೆ. ಓವನ್ ಇಲ್ಲದಿದ್ದರೆ ಅತಿ ಸಣ್ಣ ಉರಿ. ತಿಳಿಸಾರು ಉಕ್ಕು ಬರೋ ಮುಂಚೆ ಅಂಚಿನಲ್ಲಿ ಸ್ವಲ್ಪ ನಡುಗುತ್ತದಲ್ಲ, ಆ ಹದದಲ್ಲೇ ಮೂರು ಗಂಟೆ ಇರಬೇಕು. ಒಂದು ಗುಳ್ಳೆ, ಬಿಟ್ಟು ಇನ್ನೊಂದು ಗುಳ್ಳೆ. ಕೊತಕೊತ ಕುದ್ದರೆ ಕೆಟ್ಟಿತು.

ಸಣ್ಣ ಈರುಳ್ಳಿ ಮತ್ತು ಅಣಬೆ ಬೇರೆ ಬಾಣಲೆಯಲ್ಲಿ ಬೆಣ್ಣೆ ಹಾಕಿ ಹುರಿದು ಕೊನೆಗೆ ಸೇರಿಸಿ. ಲಾರ್ದೋಂ ಕೂಡ ಆಗಲೇ.

ಬೆಂಗ್ಳೂರ್_ಬಾಣಲೆ:

ಸಣ್ಣ ಈರುಳ್ಳಿಗೆ ನಮ್ಮ ಸಾಂಬಾರ್ ಈರುಳ್ಳಿ ಏ ಒನ್. ನಾನು ಅದನ್ನೇ ಹಾಕೋದು. ಇನ್ನೊಂದು, ಬೀಡು ಕಬ್ಬಿಣದ ಪಾತ್ರೆಯಲ್ಲಿ ಮಾಡಬೇಡಿ. ಅಮ್ಮನ ದೋಸೆ ಬಾಣಲೆಯಲ್ಲಿ ವೈನು ಹಾಕಿ ಕಬ್ಬಿಣದ ರುಚಿ ಬಂತು. ಬಾಣಲೆಯ ಎಣ್ಣೆ ಪದರ ಹೋಗಿ ಒಂದು ವಾರ ದೋಸೆ ಏಳಲಿಲ್ಲ, ಬೈಗುಳ ತಿಂದೆ. ಒಳಗೆ ಎನಾಮಲ್ ಬಳಿದ ಪಾತ್ರೆ ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು.

ಮಲ್ನಾಡ್_ಮೆಣಸು:

ಹಿಂದಿನ ರಾತ್ರಿ ವೈನಿನಲ್ಲಿ ನೆನೆಹಾಕಬೇಕು ಅಂತ ಕೇಳಿದ್ದೆ. ಅಕ್ಕ ಅದನ್ನು ಹೇಳಲೇ ಇಲ್ಲ?

ಸೌಟುರಾಣಿ:

ಬೇಕಂತಲೇ ಬಿಟ್ಟೆ. ಇದರ ಮೇಲೆ ಇಲ್ಲಿನವರೇ ಜಗಳ ಆಡುತ್ತಾರೆ. ಒಂದು ರಾತ್ರಿಯಲ್ಲಿ ವೈನು ಮಾಂಸದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಮಾರನೇ ದಿನ ಒದ್ದೆ ಮಾಂಸ ಹುರಿಯೋಕೆ ಒದ್ದಾಡಬೇಕು.

ಕುಡ್ಲ_ಕಿಚನ್:

ಒಪ್ಪಲ್ಲ ಅಕ್ಕ. ಹೊರಗಿನ ಪದರ ಹುಳಿ ಹಿಡಿದರೂ ರುಚಿ ಬೇರೆಯೇ ಬರುತ್ತದೆ. ನಾವು ವಿನೆಗರಿನಲ್ಲಿ ನೆನೆಸೋದು ಸುಮ್ನೆ ಅಲ್ಲ.

ಸೌಟುರಾಣಿ:

ವಿನೆಗರ್ ಬೇರೆ, ಮಸಾಲೆ ಬೇರೆ. ನೆನೆಸಿದರೆ ಕೆಡಲ್ಲ, ನೆನೆಸದಿದ್ದರೂ ಕೆಡಲ್ಲ. ನನಗೆ ಹುರಿಯೋದು ಮುಖ್ಯ. ಅಷ್ಟೇ ನನ್ನ ವಾದ.

ದಿಜೋನಿನ_ದಾಸ:

ಶನಿವಾರ ಮಧ್ಯಾಹ್ನ 12.40. ಲೈವ್ ಆಗಿ ಬರೆಯುತ್ತಿದ್ದೇನೆ.

ಬೆಳಗ್ಗೆ ಮಾರುಕಟ್ಟೆಗೆ ಹೋದೆ. ಮಾಂಸದವನ ಹತ್ತಿರ ಜೀತ್ ಅಂದೆ, ಎಷ್ಟು ಗಂಟೆ ಬೇಯಿಸುತ್ತೀಯ ಅಂತ ಕೇಳಿದ. ಮೂರು ಅಂದ ಮೇಲೇ ಚಾಕು ಎತ್ತಿದ್ದು. ಹುರಿಯೋಕೆ ನಲವತ್ತು ನಿಮಿಷ ಆಯಿತು, ಹೊಗೆ ಅಲಾರಂ ಎರಡು ಸಲ ಬಡಿದುಕೊಂಡಿತು. 10.40ಕ್ಕೆ ಓವನ್ನಿಗೆ ಇಟ್ಟೆ. ಈಗ ಸರಿಯಾಗಿ ಎರಡು ಗಂಟೆ. ಒಂದು ತುಂಡು ತೆಗೆದು ನೋಡಿದೆ. ಚಪ್ಪಲಿ!! ಹೋದ ಸಲಕ್ಕಿಂತ ಗಟ್ಟಿ. ಮತ್ತೆ ತಪ್ಪಿದೆನಾ? ಉರಿ ಜಾಸ್ತಿ ಮಾಡಲಾ?

ಲ್ಯಾಬ್_ಕೋಟು:

ಮುಟ್ಟಬೇಡಿ!!! ಎಳೆ ಹಿಂಡಿ ಮುಗಿದಿದೆ, ಕಾಲಜನ್ ಇನ್ನೂ ಪೂರ್ತಿ ಕರಗಿಲ್ಲ. ಅತಿ ಗಟ್ಟಿ ಇರೋ ಹೊತ್ತೇ ಇದು. ಬಾಗಿಲು ಮುಚ್ಚಿ.

ಸೌಟುರಾಣಿ:

ಉರಿ ಮುಟ್ಟಿದರೆ ನೋಡಿ. ಹೊರಗೆ ಒಂದು ಸುತ್ತು ಹಾಕಿ ಬನ್ನಿ. ಒಂದೂವರೆ ಆಗೋ ತನಕ ತೆಗೆಯಬೇಡಿ.

ಕುಕ್ಕರ್_ಕೃಷ್ಣ:

ನಾನೇನೂ ಹೇಳಲ್ಲಪ್ಪ.

ದಿಜೋನಿನ_ದಾಸ:

1.50. ಫೋರ್ಕ್ ಚುಚ್ಚಿದೆ, ತಾನಾಗಿ ಇಳಿಯಿತು. ತಿರುಗಿಸಿದರೆ ಎರಡಾಗಿ ಬಿತ್ತು. ಒಂದು ಗಂಟೆ ಹಿಂದೆ ಚಪ್ಪಲಿ ಆಗಿದ್ದು ಇದೇ ತುಂಡಾ ಅಂತ ನಂಬೋಕೆ ಆಗುತ್ತಿಲ್ಲ. ಪಾಲ್ರೋಂನ ಬಿಳಿ ಗೆರೆ ಅಲ್ಲಿದೆ, ಆದರೆ ಗಾಜಿನ ಹಾಗೆ ಪಾರದರ್ಶಕ ಆಗಿದೆ, ನಾಲಿಗೆ ಮೇಲೆ ಇಟ್ಟರೆ ಇಲ್ಲ. ತುಟಿ ಅಂಟುತ್ತಿದೆ ಲ್ಯಾಬ್_ಕೋಟು ಅವರೇ. ಅಡುಗೆಮನೆಯಲ್ಲಿ ಒಬ್ಬನೇ ನಿಂತು ತುಟಿ ತೆಗೆದು ಮುಚ್ಚಿ ಮಾಡುತ್ತಿದ್ದೇನೆ, ಹೆಂಡತಿ ವಿಚಿತ್ರವಾಗಿ ನೋಡುತ್ತಿದ್ದಾಳೆ.

ಗ್ರೇವಿ ಮಾತ್ರ ಇನ್ನೂ ಸ್ವಲ್ಪ ಹುಳಿ ಅನ್ನಿಸುತ್ತಿದೆ. ಬೆಲ್ಲ ಹಾಕಲಾ? ಸಾರಿಗೆ ಹಾಕೋ ಹಾಗೆ?

ಸೌಟುರಾಣಿ:

ಇವತ್ತು ಏನೂ ಹಾಕಬೇಡಿ. ತಣ್ಣಗಾಗಲಿ, ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲೆ ಕೆನೆಗಟ್ಟಿದ ಕೊಬ್ಬು ಎತ್ತಿ, ಬಿಸಿ ಮಾಡಿ ರುಚಿ ನೋಡಿ. ಆಗಲೂ ಹುಳಿ ಇದ್ದರೆ ಮುಚ್ಚಳ ತೆಗೆದು ಬತ್ತಿಸಿ, ಬೇಕಾದರೆ ಅರ್ಧ ಚಮಚ ಸಕ್ಕರೆ. ಕಪ್ಪು ಚಾಕೊಲೇಟಿನ ಒಂದು ತುಣುಕು ಹಾಕುವವರೂ ಇದ್ದಾರೆ. ಬೆಲ್ಲದ ವಾಸನೆ ಅಜ್ಜಿಗೆ ಗೊತ್ತಾಗಿಬಿಡುತ್ತದೆ.

ಮಲ್ನಾಡ್_ಮೆಣಸು:

ಜೊತೆಗೆ ಏನು ಬಡಿಸ್ತೀರಿ? ಮುದ್ದೆ ಮಾಡಿ. ಗಂಭೀರವಾಗಿ ಹೇಳ್ತಿದ್ದೇನೆ.

ದಿಜೋನಿನ_ದಾಸ:

ಭಾನುವಾರ ರಾತ್ರಿ. ವರದಿ ಒಪ್ಪಿಸುತ್ತಿದ್ದೇನೆ.

ಬೆಳಗ್ಗೆ ಫ್ರಿಜ್ಜಿನಿಂದ ತೆಗೆದಾಗ ಗ್ರೇವಿ ಅಲುಗಾಡುವ ಜೆಲ್ಲಿ. ಪಾತ್ರೆ ವಾಲಿಸಿದರೂ ಬೀಳಲ್ಲ. ಮೇಲಿನ ಕಿತ್ತಳೆ ಬಣ್ಣದ ಕೊಬ್ಬನ್ನು ಚಮಚದಲ್ಲಿ ಎತ್ತಿದೆ. ಬಿಸಿ ಮಾಡಿದರೆ ಹುಳಿ ಎಲ್ಲಿ ಹೋಯಿತೋ, ಸಕ್ಕರೆಯೂ ಬೇಕಾಗಲಿಲ್ಲ. ಬಣ್ಣ ಹುರಿದ ಕಾಫಿ ಬೀಜದ್ದು.

ಅಜ್ಜಿ ಬಂದರು. ಕೈಯಲ್ಲಿ ಒಂದು ಬಾಟಲಿ ಪೀನೋ ನುವಾರ್. ಆಲೂಗಡ್ಡೆ ಬೇಯಿಸಿಟ್ಟಿದ್ದೆ, ಮುದ್ದೆಗೆ ಧೈರ್ಯ ಸಾಲಲಿಲ್ಲ ಮೆಣಸು ಅವರೇ, ಕ್ಷಮಿಸಿ. ಮೊದಲ ತುತ್ತು ತಿಂದು ಅವರು ಕೇಳಿದ್ದು ಒಂದೇ, ನೆನೆಹಾಕಿದ್ದೆಯಾ ಅಂತ. ಇಲ್ಲ ಅಂದೆ. "ಗೊತ್ತಾಯಿತು" ಅಂದರು. ಆಮೇಲೆ ಕ್ಯಾರೆಟ್ಟು ಜಾಸ್ತಿ ಆಯಿತು ಅಂದರು. ಆಮೇಲೆ ತಟ್ಟೆಯ ಗ್ರೇವಿಯನ್ನು ಬ್ರೆಡ್ಡಿನಲ್ಲಿ ಒರೆಸಿ ಒರೆಸಿ ತಿಂದು, ತಟ್ಟೆ ತೊಳೆಯೋದೇ ಬೇಡ ಅನ್ನುವ ಹಾಗೆ ಮಾಡಿಟ್ಟರು.

ಕುಡ್ಲ_ಕಿಚನ್:

ನೋಡಿದಿರಾ? ನೆನೆಹಾಕಬೇಕು ಅಂತ ಅಜ್ಜಿಯೇ ಹೇಳಿದರು. ನನ್ನ ಪಾರ್ಟಿ ಗೆದ್ದಿತು.

ಸೌಟುರಾಣಿ:

ತಟ್ಟೆ ಒರೆಸಿದ್ದನ್ನೂ ಓದಿ.

ಬೆಂಗ್ಳೂರ್_ಬಾಣಲೆ:

ಈ ವಾರ ನಾನೂ ವೈನು ಮೊದಲೇ ಅರ್ಧಕ್ಕೆ ಬತ್ತಿಸಿ, ಕುಕ್ಕರಿನಲ್ಲಿ 50 ನಿಮಿಷ ಇಟ್ಟೆ. ಎಮ್ಮೆ ಕಾಲಿನ ಮಾಂಸ ಇನ್ನೂ ಹತ್ತು ನಿಮಿಷ ಕೇಳಿತು. ಒಟ್ಟು ಒಂದು ಗಂಟೆ. ಓವನ್ನಿನಷ್ಟು ಆಳ ಇಲ್ಲ, ಆದರೆ ಸೋಮವಾರ ಕೆಲಸಕ್ಕೆ ಹೋಗೋರಿಗೆ ಸಾಕು. ಕೃಷ್ಣ ಅವರಿಗೆ ಒಂದು ನಮಸ್ಕಾರ.

ಕುಕ್ಕರ್_ಕೃಷ್ಣ:

🙏 ಎಂಟು ಸಲ ಕೂಗಿಸಿ ಅಂದಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು.

ದಿಜೋನಿನ_ದಾಸ:

ಮಾಂಸ ಖಾಲಿ, ಒಂದು ಲೋಟದಷ್ಟು ಗ್ರೇವಿ ಉಳಿದಿದೆ. ಚೆಲ್ಲೋಕೆ ಮನಸ್ಸಿಲ್ಲ. ಅನ್ನಕ್ಕೆ ಕಲಸಿಕೊಳ್ಳಲಾ?

ಸೌಟುರಾಣಿ:

ಅನ್ನಕ್ಕೂ ಚೆನ್ನಾಗಿರುತ್ತದೆ. ಆದರೆ ನೀವು ಬೂರ್ಗೋನ್‌ನಲ್ಲಿದ್ದೀರಿ, ಆ ಊರಿನವರು ಮಾಡುವುದನ್ನೇ ಮಾಡಿ. ಗ್ರೇವಿ ಬಿಸಿ ಮಾಡಿ. ಬೇರೆ ಪಾತ್ರೆಯಲ್ಲಿ ನೀರು ಸಣ್ಣಗೆ ಕಾಯಿಸಿ, ಒಂದು ಚಮಚ ವಿನೆಗರ್ ಹಾಕಿ ಮೊಟ್ಟೆ ಒಡೆದು ಬಿಡಿ. ಮೂರು ನಿಮಿಷಕ್ಕೆ ಬಿಳಿ ಗಟ್ಟಿ, ಒಳಗೆ ಹಳದಿ ಇನ್ನೂ ನೀರು. ಅದನ್ನು ಬೆಳ್ಳುಳ್ಳಿ ಉಜ್ಜಿ ಹುರಿದ ಬ್ರೆಡ್ಡಿನ ಮೇಲಿಟ್ಟು ಗ್ರೇವಿ ಸುರಿಯಿರಿ. ಹೆಸರು ಮರೆತ್.

ಮಲ್ನಾಡ್_ಮೆಣಸು:

ಹೆಸರು ಮರೆತರೆ ಹೇಗೆ ಅಕ್ಕ, ನೆನಪು ಮಾಡಿಕೊಂಡು ಹೇಳಿ.

ಸೌಟುರಾಣಿ:

ಅಯ್ಯೋ ಮರೆತಿಲ್ಲ ಮಾರಾಯ. ಹೆಸರೇ ಮರೆತ್!

ದಿಜೋನಿನ_ದಾಸ:

ಎರಡು ಮೊಟ್ಟೆ ಇದೆ. ನೀರು ಇಟ್ಟಿದ್ದೇನೆ.